ಖಡ್ಗಸೇನನ ಪಾಳಿ

ಒಬ್ಬರೇ ಕೂತು ಮಾಡಬಹುದಾದ ಹವ್ಯಾಸ ಇಟ್ಟುಕೊಂಡವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂಚೆಚೀಟಿ ಕೂಡಿಸುವವನಿಗೆ ಅಂಚೆಚೀಟಿ ಎದುರು ಮಾತಾಡುವುದಿಲ್ಲ. ಗುಲಾಬಿ ಬೆಳೆಸುವವನಿಗೆ ಗುಲಾಬಿ, "ಇವತ್ತ ಮೋಟರ ಚಾಲೂ ಮಾಡೂದೈತ್ರಿ, ಬರೂ ವಾರ ಅರಳ್ತೇನಿ" ಎನ್ನುವುದಿಲ್ಲ. ಕೊಳಲು ಊದುವವನು ಹೆಚ್ಚೆಂದರೆ ನೆರೆಮನೆಯವರ ಬೈಗುಳ ಕೇಳಬೇಕು. ಅದೂ ಕೊಳಲಿನ ಸದ್ದಿನಲ್ಲಿ ಅರ್ಧ ಮುಚ್ಚಿಹೋಗುತ್ತದೆ. ನನ್ನ ದುರ್ದೈವ ನೋಡಿ, ನಾನು ಹಚ್ಚಿಕೊಂಡ ಹವ್ಯಾಸಕ್ಕೆ ಜನ ಬೇಕು. ಅದೂ ಎಂಥ ಜನ? ಮೀಸೆ ಬಂದು ಹಣ್ಣಾಗತೊಡಗಿದವರು, ಮನೆ ಮಕ್ಕಳು ಇರುವವರು, ವಾರಕ್ಕೊಂದು ಸಂಜೆ ಎಲ್ಲ ಬಿಟ್ಟು ನನ್ನ ಮುಂದೆ ಚಾಪೆ ಮೇಲೆ ಕೂತು, ತಾವು ವೀರರು, ತಮ್ಮ ಸೊಂಟದಲ್ಲಿ ಖಡ್ಗವಿದೆ, ಎದುರಿಗಿನ ಗೋಡೆ ಗೋಡೆಯಲ್ಲ, ರಾಕ್ಷಸನ ಗುಹೆ ಎಂದು ಮನಸಾರೆ ನಂಬಬೇಕು. ಇಂಥವರನ್ನು ಕಾಗವಾಡದಂಥ ಊರಲ್ಲಿ ಹುಡುಕಿ ನೋಡಿ. ಅದೂ ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿ ಕೆಲಸ ಬಾಗಿಲಿಗೆ ಬಂದು ನಿಂತಾಗ ಹುಡುಕಿ. ಆಮೇಲೆ ನನಗೆ ಸಿಟ್ಟು ಜಾಸ್ತಿ ಎಂದು ಹೇಳುವಿರಂತೆ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಣ್ಣ, ಕುಂಚ ತರಲು ಮಿರಜಿಗೆ ಹೋದಾಗಲೆಲ್ಲ ಸ್ಟೇಶನ್ನಿನ ಹತ್ತಿರದ ರದ್ದಿ ಅಂಗಡಿಗೆ ಹೊಕ್ಕು ಬರುವುದು ನನ್ನ ರೂಢಿ. ಚಿತ್ರಗಳಿರುವ ಪರದೇಶದ ಪುಸ್ತಕ ಅಲ್ಲಿ ಬಟಾಟೆ, ಉಳ್ಳಾಗಡ್ಡಿಯಂತೆ ತೂಗಿ ಕೊಡುತ್ತಿದ್ದರು. ಹಾಗೆ ಸಿಕ್ಕಿದ್ದೇ ಆ ಪುಸ್ತಕ. ರಟ್ಟು ಹರಿದುಹೋಗಿತ್ತು, ಮೊದಲ ಹಾಳೆಗಳಿರಲಿಲ್ಲ, ಕೊನೆಯ ಹಾಳೆಗಳನ್ನು ಇಲಿ ತಿಂದಿತ್ತು. ಡಾಕ್ಟರಕಿ ಕಲಿಯಲು ಬಂದಿದ್ದ ಯಾವನೋ ಪರದೇಶದ ಹುಡುಗ ಊರಿಗೆ ಹೋಗುವಾಗ ಬಿಟ್ಟುಹೋದದ್ದಂತೆ. ಒಳಗೆ ರೆಕ್ಕೆ ಇರುವ, ಬೆಂಕಿ ಉಗುಳುವ ಸರ್ಪಗಳು, ಕೋಟೆಗಳು, ಕವಚ ತೊಟ್ಟ ಯೋಧರು. ಗೆರೆ ಬಹಳ ಚೆನ್ನಾಗಿತ್ತು. ಹುಡುಗರಿಗೆ ಶೇಡಿಂಗ್ ಕಲಿಸಲು ಬರುತ್ತದೆಂದು ತಂದೆ. ಚಿತ್ರ ನೋಡಿ ಇಟ್ಟುಬಿಟ್ಟಿದ್ದರೆ ಇವತ್ತು ನನ್ನ ರಕ್ತದೊತ್ತಡ ಸರಿ ಇರುತ್ತಿತ್ತು. ನಾನು ಡಿಕ್ಷನರಿ ಇಟ್ಟುಕೊಂಡು ಓದಲು ಕೂತೆ, ಕೆಟ್ಟೆ.

ಅದೊಂದು ಆಟದ ಪುಸ್ತಕ. ಆಟ ಹೀಗೆ: ಒಬ್ಬ ಸೂತ್ರಧಾರ. ಅವನು ಕತೆ ಹೇಳುತ್ತಾನೆ. ನೀವು ಕಾಡಿನ ನಡುವೆ ನಿಂತಿದ್ದೀರಿ, ಮುಂದೊಂದು ಗುಹೆ ಇದೆ, ಒಳಗಿನಿಂದ ಏನೋ ಉಸಿರಾಡುವ ಸದ್ದು ಬರುತ್ತಿದೆ, ಈಗ ಏನು ಮಾಡುತ್ತೀರಿ? ಉಳಿದವರೆಲ್ಲ ಒಬ್ಬೊಬ್ಬ ವೀರ. ತನ್ನ ವೀರ ಏನು ಮಾಡುತ್ತಾನೆಂದು ಪಾಳಿ ಪ್ರಕಾರ ಒಬ್ಬೊಬ್ಬರೇ ಹೇಳಬೇಕು. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಂದರೆ ರಾಕ್ಷಸ ಸತ್ತ, ಸಣ್ಣದು ಬಂದರೆ ನೀವು ಸತ್ತಿರಿ. ಸತ್ತ ವೀರ ಸತ್ತಂತೆಯೇ, ಅವನನ್ನು ಮತ್ತೆ ಎಬ್ಬಿಸುವಂತಿಲ್ಲ. ಪುಸ್ತಕ ಇಪ್ಪತ್ತು ಮುಖದ ದಾಳ ಕೇಳುತ್ತಿತ್ತು. ನಾನು ಪ್ಲಾಸ್ಟರಿನಲ್ಲಿ ಒಂದನ್ನು ಮಾಡಿದೆ. ನಾಲ್ಕು ಸಲ ಉರುಳಿಸುವುದರಲ್ಲಿ ಅದರ ಮೂಲೆಗಳೆಲ್ಲ ಸವೆದು ಶೇಂಗಾ ಉಂಡೆಯಂತಾಗಿ, ನಿಲ್ಲುವುದನ್ನೇ ಬಿಟ್ಟಿತು. ಒಮ್ಮೆ ಬಾಗಿಲು ದಾಟಿ ಚರಂಡಿಯವರೆಗೂ ಹೋಯಿತು. ಕೊನೆಗೆ ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದ ಕಟ್ಟಿಗೆಯ ಬಿಲ್ಲೆಗಳನ್ನು ತಾಮ್ರದ ತಂಬಿಗೆಯಲ್ಲಿ ಹಾಕಿಟ್ಟೆ. ಕೈ ಹಾಕಿ ಒಂದನ್ನು ತೆಗೆಯುವುದು, ಅದೇ ಹಣೆಬರಹ.

ಆ ಪುಸ್ತಕ ಓದಿದ ವಾರವೇ ನಾನು ನನ್ನ ವೀರನನ್ನು ಹುಟ್ಟಿಸಿದೆ. ಹೆಸರು ಖಡ್ಗಸೇನ. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಜಲವರ್ಣದಲ್ಲಿ ಅವನನ್ನು ಬರೆದೆ. ಎತ್ತರದ ಆಳು, ಹಿಂದೆ ಹಾರುವ ಕೆಂಪು ಶಲ್ಯ, ಎಡಗೆನ್ನೆಯ ಮೇಲೆ ಹಳೆಯ ಗಾಯ, ಎರಡೂ ಕಡೆ ತಿರುವಿದ ಮೀಸೆ. ನನ್ನ ಹೆಂಡತಿ ಸುಮಿತ್ರಾ ಅದನ್ನು ಬಹಳ ಹೊತ್ತು ನೋಡಿ, "ಮೀಸಿ ಬಿಟ್ರ ಪೂರಾ ನೀವೇ ಅದೀರಿ. ಆದ್ರ ಹೊಟ್ಟಿ ಎಲ್ಲಿ ಹೋತ್ರಿ?" ಎಂದಳು. ಈ ಖಡ್ಗಸೇನ ಯಾವಾಗ ಗುಹೆ ಹೊಕ್ಕಾನು, ಯಾವಾಗ ಸರ್ಪದ ಎದುರು ನಿಂತಾನು ಎಂದು ನನಗೆ ನಿಜವಾಗಿಯೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಸೂತ್ರಧಾರನಿಗೆ ವೀರ ಇರುವಂತಿಲ್ಲ. ಊರಲ್ಲಿ ಪುಸ್ತಕ ಓದಿದವನು ನಾನೊಬ್ಬನೇ, ಹಾಗಾಗಿ ಸೂತ್ರಧಾರ ನಾನೇ ಆಗಬೇಕು. ಇರಲಿ, ಉಳಿದವರಿಗೆ ಆಟ ತಿಳಿಯುವ ತನಕ ಅಷ್ಟೇ, ಆಮೇಲೆ ಬೇರೆಯವರು ಕತೆ ಹೇಳುತ್ತಾರೆ, ನಾನು ಆಡುತ್ತೇನೆ ಎಂದುಕೊಂಡು ಖಡ್ಗಸೇನನನ್ನು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟೆ. ಅಲ್ಲಿ ಅವನು ಸುಮಿತ್ರಾಳ ರೇಶಿಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ, ವರ್ಷಗಟ್ಟಲೆ ಮಲಗಿದ.

ಆಡಲು ಸಿಕ್ಕವರು ಇಬ್ಬರು. ಒಬ್ಬರು ನಮ್ಮ ಓಣಿಯ ಬಾಳಾಸಾಬರು. ಉಗಾರದ ದಾರಿಯಲ್ಲಿ ಕಬ್ಬು, ದ್ರಾಕ್ಷಿ ತೋಟ ಇರುವ ಗಟ್ಟಿ ಕುಳ, ಗಟ್ಟಿ ದನಿ. ಇನ್ನೊಬ್ಬರು ಪೋಸ್ಟಿನಲ್ಲಿ ಕೆಲಸ ಮಾಡುವ ಕಾಂಬಳೆಯವರು. ಮೆತ್ತಗಿನ ಮನುಷ್ಯ, ಆದರೆ ಹಿಡಿದ ಮಾತು ಬಿಡುವವರಲ್ಲ. ರವಿವಾರ ಮುಂಜಾನೆ ಇಡೀ ಓಣಿ ಬಾಳಾಸಾಬರ ಮನೆಯ ಟಿವಿ ಮುಂದೆ ಇರುತ್ತಿದ್ದುದರಿಂದ ನಮ್ಮ ಆಟ ಸಂಜೆಗೆ. ಮೊದಲ ದಿನವೇ ನಾನು ವೀರರ ಹೆಸರು ಕೇಳಿದೆ. ಭೀಕರವಾದ ಹೆಸರಿಟ್ಟುಕೊಳ್ಳಿ ಎಂದು ಸೂಚಿಸಿದೆ. ಬಾಳಾಸಾಬರು, "ನನ್ನ ವೀರನ ಹೆಸರು ಬಾಳಾಸಾಬ" ಎಂದರು.

"ಹಂಗಲ್ರಿ ಬಾಳಾಸಾಬ್ರ, ಈ ಆಟದಾಗ ನೀವು ಬ್ಯಾರೆ ಒಬ್ಬ ಮನಶ್ಯಾ ಆಗಬೇಕು."

"ಯಾಕ ಆಗ್ಲಿರಿ? ಇದ್ದ ಮನಶ್ಯಾಗ ಏನ್ ಕಡಿಮಿ ಆಗೈತಿ?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಹೀಗಾಗಿ ಸಾವಿರ ಮೈಲಿ ಆಚೆಯ ಮಂಜಿನ ಬೆಟ್ಟಗಳ ನಾಡಿನಲ್ಲಿ, ಕವಚ ತೊಟ್ಟ ಯೋಧರ ನಡುವೆ, ಧೋತರ ಉಟ್ಟು ಬಿಳಿ ಟೋಪಿ ಹಾಕಿದ ಬಾಳಾಸಾಬ ಎಂಬ ವೀರ ತಿರುಗಾಡತೊಡಗಿದ. ಯಾವ ಊರಿಗೆ ಹೋದರೂ ಅವನು ಮೊದಲು ಮಾಡುವ ಕೆಲಸ ಚಹಾ ಕುಡಿಯುವುದು. ನಾನು ಅಲ್ಲಿ ಹೆಣಗಳು ಬಿದ್ದಿವೆ, ಮನೆಗಳು ಸುಟ್ಟು ಹೊಗೆಯಾಡುತ್ತಿವೆ ಎಂದು ಗಂಟಲು ನಡುಗಿಸಿ ಹೇಳಿದರೆ, "ಹೊಗಿ ಬರಾಕತ್ತೈತಿ ಅಂದ್ರ ಒಲಿ ಐತಿ ಅಂತಾತು, ಚಹಾ ಸಿಗ್ತೈತಿ ನೋಡ್ರಿ" ಎನ್ನುವರು. ಚಹಾ ಆದಮೇಲೆ ಎರಡನೆಯ ಪ್ರಶ್ನೆ: "ಈ ಜಮೀನು ಯಾರದ್ರಿ?" ಶಾಪಗ್ರಸ್ತ ಕಾಡು, ನೂರು ವರ್ಷದಿಂದ ಅಲ್ಲಿ ಮನುಷ್ಯರು ಕಾಲಿಟ್ಟಿಲ್ಲ ಎಂದು ನಾನು ಹೇಳಿದೆ. "ಅಂದ್ರ ಸರಕಾರದ್ದ ಆತು. ನೀರ ಹೆಂಗದಾವು?" ಒಂದು ಸಲ ಗುಹೆಯ ಬಾಗಿಲಲ್ಲಿ ಅರ್ಧ ತಾಸು ನಿಂತು, ಆ ಇಳಿಜಾರಿಗೆ ಯಾವ ತಳಿಯ ದ್ರಾಕ್ಷಿ ಹಚ್ಚಬಹುದೆಂದು ಕಾಂಬಳೆಯವರ ಜೊತೆ ಚರ್ಚೆ ಮಾಡಿದರು. ಒಳಗೆ ನನ್ನ ರಾಕ್ಷಸ ಆಕಳಿಸುತ್ತ ಕೂತಿದ್ದ.

ಕಾಂಬಳೆಯವರ ಕತೆ ಬೇರೆ. ಯಾರು ಯೋಧ, ಯಾರು ಮಂತ್ರವಾದಿ ಎಂದು ಚೀಟಿ ಎತ್ತಿದಾಗ ಅವರಿಗೆ ಮಂತ್ರವಾದಿಯ ಪಾತ್ರ ಬಂತು. ಚೀಟಿ ನೋಡಿ ಅವರ ಮುಖ ಸಣ್ಣದಾಯಿತು. "ಸರ್, ನಮ್ಮ ಮನ್ಯಾಗ ಮಂತ್ರ ತಂತ್ರ ಎಲ್ಲಾ ಬಿಟ್ಟು ನಮ್ಮ ಅಪ್ಪನ ಕಾಲಾನ ಆತು. ನಾ ಇಂಥಾದ್ದು ನಂಬೂದಿಲ್ರಿ" ಎಂದರು.

"ಇದು ಆಟ ಐತ್ರಿ ಕಾಂಬಳೆಯವರ."

"ಆಟ ಆದ್ರ ಏನಾತ್ರಿ ಸರ್, ತತ್ವ ತತ್ವ ಅಲ್ಲೇನ್ರಿ?"

ಪಾತ್ರ ಬದಲಿಸಿಕೊಳ್ಳಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಚೀಟಿಯಲ್ಲಿ ಬಂದದ್ದನ್ನು ಬದಲಿಸುವುದು ನ್ಯಾಯವಲ್ಲವಂತೆ. ಹೀಗೆ ಜಗತ್ತಿನಲ್ಲೇ ಮಂತ್ರ ಹಾಕದ ಏಕೈಕ ಮಂತ್ರವಾದಿ ನಮ್ಮ ತಂಡದಲ್ಲಿದ್ದ. ಬೆರಳು ಚಿಟಿಕೆ ಹೊಡೆದರೆ ಬೀಳುವ ಬಾಗಿಲನ್ನು ಅವನು ಭುಜ ಕೊಟ್ಟು ದೂಡುತ್ತಿದ್ದ. ಅಲ್ಲದೆ, ನಾಡಿನ ರಾಜ ಕರೆದು ನನ್ನ ಮಗಳನ್ನು ಬಿಡಿಸಿ ತನ್ನಿ ಎಂದು ಕೇಳಿಕೊಂಡಾಗ, "ಈ ರಾಜನ್ನ ಆರಿಸಿದವ್ರು ಯಾರ್ರಿ ಸರ್?" ಎಂದು ಕೇಳಿದರು. ಆ ಸಂಜೆ ಪೂರ್ತಿ ಅದರ ಮೇಲೇ ಹೋಯಿತು. ರಾಜಕುಮಾರಿ ಗುಹೆಯಲ್ಲೇ ಉಳಿದಳು.

ಇಷ್ಟು ಸಾಲದೆಂಬಂತೆ ಮಣೂಕದ ಕಾಟ. ರಾಕ್ಷಸರು ಎಲ್ಲೆಲ್ಲಿ ನಿಂತಿದ್ದಾರೆಂದು ನಕ್ಷೆಯ ಮೇಲೆ ತೋರಿಸಲು ಏನಾದರೂ ಬೇಕಲ್ಲ? ಬಾಳಾಸಾಬರ ತೋಟದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುತ್ತಿದ್ದರು. ಬರುವಾಗ ಒಂದು ಬೊಗಸೆ ತರುತ್ತಿದ್ದರು. ಒಂದು ಮಣೂಕ ಅಂದರೆ ಒಬ್ಬ ರಾಕ್ಷಸ ಎಂದು ನಾನೇ ಬುದ್ಧಿವಂತಿಕೆ ಮಾಡಿ ವ್ಯವಸ್ಥೆ ಮಾಡಿದೆ. ನಾನು ಪುಸ್ತಕ ನೋಡಿ ತಲೆ ಎತ್ತುವುದರಲ್ಲಿ ಕಣಿವೆಯಲ್ಲಿ ಕಾವಲು ನಿಂತ ಒಂದು ಇಡೀ ದಂಡು ಮಾಯ. ಬಾಳಾಸಾಬರ ಬಾಯಿ ಆಡುತ್ತಿತ್ತು. "ಅದ್ಯಾಕ ತಿಂದ್ರಿ?" ಎಂದು ಕೂಗಿದರೆ, "ಸತ್ತಾವ ಅಂತ ಬರಕೋರಿ ಮಾಸ್ತರ, ಹೊಟ್ಟ್ಯಾಗ ಹೋದ ಮ್ಯಾಲ ಹೆಂಗ ಎದ್ದ ಬರ್ತಾವ?" ಎಂದರು. ಕಾಂಬಳೆಯವರು ತಲೆ ಆಡಿಸಿ, ನಿಯಮದಲ್ಲಿ ತಿನ್ನಬಾರದೆಂದು ಎಲ್ಲೂ ಇಲ್ಲ ಎಂದರು. ಕಾಳಗ ಮಾಡದೆ ಗೆದ್ದರು.

ಊರೂ ಸುಮ್ಮನೆ ಕೂಡಲಿಲ್ಲ. ಗಡಿಯ ಊರು. ರವಿವಾರ ಸಂಜೆ ಮೂವರು ಗಂಡಸರು ಒಂದು ತಂಬಿಗೆಯಲ್ಲಿ ಕೈ ಹಾಕಿ ನಂಬರ್ ತೆಗೆದು "ಹದಿನಾರ ಬಂತು, ಹದಿನಾರ ಬಂತು" ಎಂದು ಕುಣಿದರೆ ಅದಕ್ಕೆ ಇಲ್ಲಿ ಒಂದೇ ಅರ್ಥ: ಮಟ್ಕಾ. ಪಾನ್ ಅಂಗಡಿಯವನು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಮಾಸ್ತರ, ಇವತ್ತ ಯಾವ ನಂಬರ್ ಬಂತ್ರಿ?" ಎಂದು ಕಣ್ಣು ಮಿಟುಕಿಸಿದ. ನಾನು ಸಿಟ್ಟಿನಲ್ಲಿ, "ಹದಿನಾರ ಬಂತು, ಒಂದು ಬೇತಾಳ ಸತ್ತಿತು" ಎಂದೆ. ಬೇತಾಳ ಎಂದರೆ ಏನೋ ಗುಪ್ತ ಭಾಷೆ ಎಂದುಕೊಂಡು ಅವನು ಹದಿನಾರಕ್ಕೆ ರೊಕ್ಕ ಹಚ್ಚಿದ್ದಾನೆ, ಅವನ ಪುಣ್ಯಕ್ಕೆ ನನ್ನ ಕರ್ಮಕ್ಕೆ ಅದೇ ಹತ್ತಿದೆ. ಮುಂದಿನ ರವಿವಾರ ನನ್ನ ಮನೆಯ ಕಟ್ಟೆ ಮೇಲೆ ಕೂಡಲು ಜಾಗವಿರಲಿಲ್ಲ. ಹೆಡ್‌ಮಾಸ್ತರರು ಕರೆಸಿ, "ಕಲಾವಿದರು ಅಂದ್ರ ಚಟ ಇರ್ತಾವ, ನನಗ ತಿಳೀತೈತಿ, ಆದ್ರ ಸಾಲೀ ಮರ್ಯಾದಿ ನೋಡ್ರಿ" ಎಂದು ಬುದ್ಧಿ ಹೇಳಿದರು. ನಾನು ಪುಸ್ತಕ ಒಯ್ದು ತೋರಿಸಿದೆ. ಅದರಲ್ಲಿ ಅಂಕಿಗಳ ಕೋಷ್ಟಕಗಳನ್ನು ಕಂಡು ಅವರ ಸಂಶಯ ಗಟ್ಟಿಯಾಯಿತು.

ಇದನ್ನೆಲ್ಲ ನಾನು ನುಂಗಿಕೊಂಡೆ. ನುಂಗಲಾಗದೇ ಹೋದದ್ದು ಪಾಳಿಯ ವಿಷಯ. ಪುಸ್ತಕ ಹೇಳುವುದು ಬಹಳ ಸರಳ: ನಿನ್ನ ಪಾಳಿ ಬಂದಾಗ ಆಡು, ಆಡದಿದ್ದರೆ ಪಾಳಿ ಹೋಯಿತು. ಬಾಳಾಸಾಬರಿಗೆ ಇದು ತಲೆಗೆ ಹೋಗಲೇ ಇಲ್ಲ. ಅವರಿಗೂ ಅವರ ಅಣ್ಣನಿಗೂ ಕೂಡಿ ಒಂದು ಬಾವಿ. ಅಜ್ಜನ ಕಾಲದಿಂದ ನೀರಿಗೆ ಪಾಳಿ. ಅಣ್ಣನ ತೋಟಕ್ಕೆ ಅವಸರವಿದ್ದರೆ ತಮ್ಮ ತನ್ನ ಪಾಳಿ ಬಿಟ್ಟುಕೊಡುತ್ತಾನೆ, ಆದರೆ ಅದು ಎಲ್ಲೂ ಹೋಗುವುದಿಲ್ಲ. ತನ್ನ ಬಳ್ಳಿ ಬಾಡಿದಾಗ ಸಾಲಾಗಿ ಎಲ್ಲವನ್ನೂ ತಗೊಳ್ಳುತ್ತಾನೆ. ಎರವಲು ಕೊಡಬಹುದು, ಬದಲಿಸಿಕೊಳ್ಳಬಹುದು, ಮಗಳ ಮದುವೆಯಲ್ಲಿ ಅಳಿಯನಿಗೂ ಬಿಟ್ಟುಕೊಡಬಹುದು. ಕಾಳಗದ ನಡುವೆ, ಬೇತಾಳ ಗದೆ ಎತ್ತಿ ನಿಂತಾಗ, ಹೊರಗಿನಿಂದ ಯಾರೋ "ಕರೆಂಟ್ ಬಂತು" ಎಂದು ಕೂಗಿದರೆ ಸಾಕು, ಬಾಳಾಸಾಬರು ಚಪ್ಪಲಿ ಮೆಟ್ಟಿ ಮೋಟರ್ ಚಾಲೂ ಮಾಡಲು ಓಡುತ್ತಿದ್ದರು. ಬಾಗಿಲಿಂದಲೇ, "ನನ್ನ ಪಾಳಿ ಹಂಗ ಇಡ್ರಿ, ಆಮ್ಯಾಲ ತಗೋತೇನಿ."

"ಹಂಗ ಇಡಾಕ ಬರೂದಿಲ್ರಿ, ಪಾಳಿ ಮುಳಗ್ತೈತಿ!" ಎಂದು ನಾನು ಬೀದಿಯವರೆಗೂ ಬೆನ್ನು ಹತ್ತಿ ಹೋಗಿ ಒದರಿದ್ದೇನೆ.

"ಪಾಳಿ ಹೆಂಗ ಮುಳಗ್ತೈತ್ರಿ ಮಾಸ್ತರ? ನಮ್ಮ ಅಜ್ಜಾ ಹೋದಾ, ಅವನ ಪಾಳಿ ಇನ್ನೂ ನಡದೈತಿ!"

ನಾನು ಇದನ್ನು ತಡೆಯಲು ಮಾಡದ ಪ್ರಯತ್ನವಿಲ್ಲ. ಆ ನಿಯಮವನ್ನು ಕನ್ನಡಕ್ಕೆ ಅನುವಾದಿಸಿ, ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮರಾಠಿಯಲ್ಲೂ ಬರೆದೆ. ಎಷ್ಟು ರವಿವಾರ ಅದರ ಮೇಲೆ ಭಾಷಣ ಬಿಗಿದೆನೋ ಲೆಕ್ಕವಿಲ್ಲ. "ಬಂದ ಪಾಳಿಯನ್ನ ಬಿಟ್ಟವ ವೀರ ಅಲ್ಲ, ಅಂಜುಬುರುಕ" ಎಂದು ಒಮ್ಮೆ ಕಟುವಾಗಿ ಅಂದುಬಿಟ್ಟೆ. ಬಾಳಾಸಾಬರು ಬೇಸರ ಮಾಡಿಕೊಳ್ಳಲಿಲ್ಲ, ಒಂದು ಮಣೂಕ ಬಾಯಿಗೆ ಹಾಕಿಕೊಂಡರು.

ಕೊನೆಗೆ ಆಗಬಾರದ್ದು ಆಯಿತು. ನನ್ನ ಕತೆಯ ತುದಿಯಲ್ಲಿ ಒಂದು ಮಹಾಸರ್ಪವಿತ್ತು. ಎರಡು ವರ್ಷ ಕತೆಯನ್ನು ಅದರ ಕಡೆಗೇ ಸಾಗಿಸಿಕೊಂಡು ಬಂದಿದ್ದೆ. ಚಾರ್ಟ್ ಪೇಪರಿನ ಮೇಲೆ ಅದರ ಚಿತ್ರ ಬರೆದು ಅದರ ಮಾತುಗಳನ್ನೂ ಬಾಯಿಪಾಠ ಮಾಡಿದ್ದೆ. ಸರ್ಪ ಮೊದಲು ನಗಬೇಕು, ಆಮೇಲೆ ತನ್ನ ಪೂರ್ವಕತೆ ಹೇಳಬೇಕು, ಆಮೇಲೆ ಬೆಂಕಿ. ಈ ಕತೆ ಮುಗಿದರೆ ಸೂತ್ರಧಾರಿಕೆ ಬೇರೆಯವರಿಗೆ ಒಪ್ಪಿಸಿ ಖಡ್ಗಸೇನನನ್ನು ಹೊರಗೆ ತೆಗೆಯುತ್ತೇನೆ ಎಂದು ನಿರ್ಧರಿಸಿಬಿಟ್ಟಿದ್ದೆ. ದಸರೆಯ ಛಾಟಣಿಯಿಂದ ಹಣ್ಣು ಇಳಿಯುವವರೆಗೆ ಬಾಳಾಸಾಬರು ಆಟಕ್ಕೆ ಬಂದಿರಲಿಲ್ಲ. ಹಣ್ಣು ಇಳಿದ ಮೇಲೆ ಒಂದು ರವಿವಾರ ಬಂದರು, ಗುಹೆ ಹೊಕ್ಕರು, ನಾನು ಚಾರ್ಟ್ ಬಿಚ್ಚಿ ಹಿಡಿದೆ. "ಈಗ ನಿಮ್ಮ ಮುಂದ ಮಹಾಸರ್ಪ ನಿಂತೈತಿ..." ಎನ್ನುವಷ್ಟರಲ್ಲಿ ಬಾಳಾಸಾಬರು ತೋಳು ಏರಿಸಿ, "ಕಾಂಬಳೆ, ನನ್ನ ಪಾಳಿ ಎಷ್ಟ ಜಮಾ ಅದಾವಪಾ?" ಎಂದು ಕೇಳಿದರು. ಕಾಂಬಳೆಯವರು ಬೆರಳು ಮಡಚಿ ಲೆಕ್ಕ ಹಾಕಿ, ಭಾಳ ಅದಾವ ಎಂದರು. ಅಷ್ಟನ್ನೂ ಒಂದರ ಹಿಂದೊಂದು ತಗೊಂಡರು. ಬಾವಿಯಿಂದ ನೀರೆತ್ತಿದಂತೆ ತಂಬಿಗೆಯಿಂದ ಬಿಲ್ಲೆ ಎತ್ತಿದರು. ನನ್ನ ಮಹಾಸರ್ಪ ನಗಲಿಲ್ಲ, ಪೂರ್ವಕತೆ ಹೇಳಲಿಲ್ಲ, ಬೆಂಕಿಯಂತೂ ದೂರವೇ ಉಳಿಯಿತು. ಬಾಯಿ ತೆರೆಯುವ ಮೊದಲೇ ಸತ್ತಿತು. "ಸಣ್ಣ ಹಲ್ಲಿ ಇದ್ದಂಗಿತ್ತಲ್ರಿ" ಎಂದು ಬಾಳಾಸಾಬರು ಕೈ ಝಾಡಿಸಿಕೊಂಡರು. ಸರಿ, ಕತೆ ಮುಗಿಯಿತಲ್ಲ ಎಂದು ಹಲ್ಲು ಕಚ್ಚಿಕೊಂಡು, ಇನ್ನು ಮುಂದೆ ನೀವ್ಯಾರಾದರೂ ಕತೆ ಹೇಳಿ, ನಾನು ಆಡುತ್ತೇನೆ ಎಂದೆ. ಇಬ್ಬರೂ ಗಾಬರಿಯಾಗಿ ನೋಡಿದರು. "ಅದ ನಿಮ್ಮ ಕೆಲಸ ಅಲ್ಲೇನ್ರಿ?" ಎಂದು ಬಾಳಾಸಾಬರು ಎದ್ದುಹೋದರು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ನಗಬೇಡಿ, ನನಗೆ ಅಳು ಬಂದಿತ್ತು. ಬೇಕಾದರೆ ಹುಚ್ಚು ಎನ್ನಿ, ನಾನು ಬಯಸಿದ್ದು ಇಷ್ಟೇ: ಒಂದೇ ಒಂದು ಸಲ, ಮುಂದೆ ಏನಾಗುತ್ತದೆಂದು ಗೊತ್ತಿಲ್ಲದ ಕತೆಯೊಳಗೆ ನನ್ನ ಆಳನ್ನು ಕಳಿಸಬೇಕು. ಸುಮಿತ್ರಾ ತಾಟಿನ ಮುಂದೆ ಕೂತು ಎಲ್ಲ ಕೇಳಿದಳು. ಕೊನೆಗೆ, "ಅವರ ಜೋಡಿ ಪುಸ್ತಕದ ಮಾತ ಯಾಕ ಆಡ್ತೀರಿ? ಅವರದ ಮಾತ ಆಡ್ರಿ. ಇದು ಮುಯ್ಯಿ ಅಲ್ಲೇನ್ರಿ? ಇಷ್ಟ ವರ್ಷ ನೀವು ಅವರ ಹೊಲಕ್ಕ ಆಳಾಗಿ ಹೋದ್ರಿ. ಈಗ ಅವರು ನಿಮ್ಮ ಹೊಲಕ್ಕ ಬರಬೇಕು" ಎಂದಳು. ನಮ್ಮ ಕಡೆ ಮುಯ್ಯಿ ಎಂದರೆ ಹುಡುಗಾಟವಲ್ಲ. ಇವತ್ತು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯಬೇಕು, ಕೂಲಿಯ ಮಾತೇ ಇಲ್ಲ. ತಪ್ಪಿಸಿದವನ ಮನೆಗೆ ಮರುವರ್ಷ ಕಳೆ ಕೀಳಲು ನಾಯಿಯೂ ಹೋಗುವುದಿಲ್ಲ. ಮುಂಜಾನೆ ಎದ್ದವನೇ ಬಾಳಾಸಾಬರ ಮನೆಗೆ ಹೋಗಿ, "ನನ್ನ ಮುಯ್ಯಿ ಬಾಕಿ ಐತಿ" ಎಂದೆ. ಗೋಡೆಯ ಮೇಲಿನ ಎರಡು ಭಾಷೆಯ ನಿಯಮ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಬಾಳಾಸಾಬರ ಮುಖ ಗಂಭೀರವಾಯಿತು. "ಖರೇ ಐತ್ರಿ ಮಾಸ್ತರ. ತಪ್ಪಿತು. ಬರೂ ರವಿವಾರ ತೋಟಕ್ಕ ಬರ್ರಿ. ಕತಿ ನಾ ಹೇಳ್ತೇನಿ."

ಆ ರವಿವಾರ ನಾನು ಖಡ್ಗಸೇನನನ್ನು ಕಪಾಟಿನಿಂದ ಇಳಿಸಿ, ನುಸಿಗುಳಿಗೆಯ ಪುಡಿ ಒರೆಸಿ, ಸೈಕಲ್ಲಿಗೆ ಕಟ್ಟಿಕೊಂಡು, ಸುಮಿತ್ರಾಳನ್ನು ಹಿಂದೆ ಕೂಡಿಸಿಕೊಂಡು ಹೊರಟೆ. ತೋಟದ ಪಂಪ್ ಶೆಡ್ಡಿನಲ್ಲಿ ಗೋಣಿಚೀಲ ಹಾಸಿತ್ತು. ಖಡ್ಗಸೇನನನ್ನು ಮೀಟರ್ ಬೋರ್ಡಿನ ಮೊಳೆಗೆ ತೂಗು ಹಾಕಿದೆ. ಕಾಂಬಳೆಯವರು ಬಂದರು. ಬಾಳಾಸಾಬರು ಏನು ಕತೆ ಹೇಳಿಯಾರು, ಹೆಚ್ಚೆಂದರೆ ಅಣ್ಣನ ಜೊತೆಗಿನ ಹೊಲದ ಬಾಂದಿನ ಜಗಳ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟು, ದನಿ ತಗ್ಗಿಸಿ ಸುರು ಮಾಡಿದರು.

"ಸತ್ತಿ ಊರ ಕಡೆ ಹೊಳಿ. ಬ್ಯಾಸಗಿ. ನೀರ ಇಳದಾವು. ಮಡುವಿನ್ಯಾಗ ಅಷ್ಟ ಕರ್ರಗ ನಿಂತಾವು. ಎಮ್ಮಿ ಹೊಡಕೊಂಡ ಹೋದ್ರ ಎಮ್ಮಿ ಇಳಿಯೂದಿಲ್ಲ. ಬಡದ್ರೂ ಇಳಿಯೂದಿಲ್ಲ. ಯಾಕ? ಎಮ್ಮಿಗಿ ಗೊತ್ತೈತಿ." ನಮ್ಮ ಕಡೆ ಬಾಗಿದರು. "ಮಡುವಿನ ನಡುವ ಒಂದು ಬಂಡಿಗಲ್ಲು. ಕಲ್ಲಿನ ಮ್ಯಾಲ ಅಂಬಿಗ ಕುಂತಾನ. ಅವನ ತೆಪ್ಪಾ ಎರಡ ತುಂಡ ಆಗಿ ತೇಲಾಕತ್ತೈತಿ. ಕಾಲ ಮ್ಯಾಲ ಎತ್ತಿಕೊಂಡ ಕುಂತಾನ. ಕೂಗೂದಿಲ್ಲ, ಬರೇ ನಿಮ್ಮನ್ನ ನೋಡ್ತಾನ. ಅವನ ಸುತ್ತ ಒಂದ ಕಟ್ಟಿಗಿ ದಿಮ್ಮಿ ತಿರಗಾಕತ್ತೈತಿ. ಗಾಳಿ ಇಲ್ಲ, ಸೆಳವಿಲ್ಲ. ಮತ್ತ ದಿಮ್ಮಿ ಹೆಂಗ ತಿರಗ್ತೈತಿ? ಅದ ದಿಮ್ಮಿ ಅಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ ಖಡ್ಗಸೇನ. ಏನ್ ಮಾಡ್ತೀರಿ?"

ನಾನು ಎರಡು ವರ್ಷ ಸಾಕಿದ ಸರ್ಪಕ್ಕೆ ಇದರ ಅರ್ಧದಷ್ಟೂ ಹೆದರಿಕೆ ಹುಟ್ಟಿಸಲಾಗಿರಲಿಲ್ಲ. ಇದೇ, ಇದಕ್ಕಾಗಿಯೇ ನಾನು ಕಾದದ್ದು. ಗೋಡೆಯ ಮೇಲೆ ಖಡ್ಗಸೇನ ಕೆಂಪು ಶಲ್ಯ ಹಾರಿಸುತ್ತ ನಿಂತಿದ್ದ. ಆ ಮೀಸೆಗೆ ನಾನು ಒಂದೊಂದೇ ಕೂದಲು ಬರೆದಿದ್ದೆ. ಖಡ್ಗ ಹಿರಿದು ನೀರಿಗೆ ಹಾರುತ್ತೇನೆ ಎನ್ನಬೇಕು, ಬಾಯಿ ತೆರೆದೆ. ಆಗ ಸತ್ತ ವೀರ ಸತ್ತಂತೆಯೇ ಎಂಬ ನಿಯಮ ನೆನಪಾಯಿತು. ಬಾಯಿಂದ ಬಂದ ಮಾತು ಬೇರೆ: "ಮೊದಲ ಊರಾಗ ಹೋಗ್ತೇನ್ರಿ. ಸ್ವಲ್ಪ ಚಹಾ ಕುಡದು ವಿಚಾರ ಮಾಡಿಕೊಂಡ ಬರ್ತೇನಿ."

ಚಹಾ ಆಯಿತು. ಮುಂದಿನ ರವಿವಾರ ಖಡ್ಗಸೇನ ಈಟಿ ಮಾಡಿಸಲು ಕಂಬಾರನ ಹತ್ತಿರ ಹೋದ. ಅದರ ಮುಂದಿನ ರವಿವಾರ ಹಗ್ಗ ಹೊಸೆಸಿದ. ಒಂದು ದಿನ, ಆಣೆ ಮಾಡಿ ಹೇಳುತ್ತೇನೆ, "ಆ ಮಡು ಯಾರ ಹದ್ದಿನ್ಯಾಗ ಬರ್ತೈತ್ರಿ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸುಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ಬಾಳಾಸಾಬರಂತೂ ಪುಸ್ತಕ ಓದದೆಯೂ ಸೂತ್ರಧಾರನ ಎಲ್ಲ ರೋಗಗಳನ್ನೂ ಹಚ್ಚಿಕೊಂಡಿದ್ದರು. ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. "ಮಾಸ್ತರ, ಆ ಅಂಬಿಗ ಕಲ್ಲಿನ ಮ್ಯಾಲ ಕುಂತು ಯುಗಾದಿ ಹೋತು, ಬಸವ ಜಯಂತಿ ಹೋತು, ಕಾರ ಹುಣ್ಣಿಮಿ ಬಂತು! ಅವಗೂ ಹೆಂಡ್ತಿ ಮಕ್ಕಳದಾರ! ನೀರಿಗಿ ಇಳೀತೀರೋ ಇಲ್ಲೋ?" ಎಂದು ಒಂದು ದಿನ ಎದ್ದು ನಿಂತು ಒದರಿದರು. ಶೆಡ್ಡಿನ ಮೇಲೆ ಕೂತಿದ್ದ ಗುಬ್ಬಿಗಳು ಹಾರಿಹೋದವು.

ಅವತ್ತು ಕಾಂಬಳೆಯವರಿಗೂ ತಡೆಯಲಾಗಲಿಲ್ಲ. "ಜೀವದ ಪ್ರಶ್ನಿ ಐತ್ರಿ. ಇದೊಂದ ಸಲ ತತ್ವ ಬದಿಗಿಡ್ತೇನಿ" ಎಂದು ಜೀವನದಲ್ಲಿ ಮೊದಲ ಸಲ ಮಂತ್ರ ಹಾಕಲು ಮುಂದಾದರು. ತಂಬಿಗೆಯಲ್ಲಿ ಕೈ ಹಾಕಿದರು. ಎರಡು ಬಂತು. ಏನೂ ಆಗಲಿಲ್ಲ, ಮೊಸಳೆ ತಿರುಗಿಯೂ ನೋಡಲಿಲ್ಲ. ಕಾಂಬಳೆಯವರ ಮುಖ ಅರಳಿತು. "ನೋಡ್ರಿ ಸರ್! ನಾ ಮೊದಲಿಂದ ಹೇಳಾಕತ್ತೇನಿ, ಇದರಾಗ ಏನೂ ಇಲ್ಲ ಅಂತ!" ಎಂದು ತಂಬಿಗೆಯನ್ನು ನನ್ನ ಕಡೆ ದೂಡಿದರು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಚಹಾ ಕುಡಿದಾಗಿತ್ತು, ಈಟಿಯಿತ್ತು, ಹಗ್ಗವಿತ್ತು, ಮಡು ಯಾರದೆಂದೂ ಗೊತ್ತಾಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಂಡೆಯ ಮೇಲಿನ ಅಂಬಿಗನೂ ನೋಡುತ್ತಿದ್ದ. ತಂಬಿಗೆಯೊಳಗೆ ಕೈ ಇಳಿಸಿದೆ. ತಾಮ್ರ ತಣ್ಣಗಿತ್ತು. ಬೆರಳಿಗೆ ಒಂದು ಬಿಲ್ಲೆ ಸಿಕ್ಕಿತು, ಬಿಟ್ಟೆ. ಇನ್ನೊಂದು ಸಿಕ್ಕಿತು, ಅದನ್ನೂ ಬಿಟ್ಟೆ. ಖಡ್ಗಸೇನನ ಕಡೆ ನೋಡಿದೆ. ಇಷ್ಟು ವರ್ಷ ಸೀರೆಗಳ ನಡುವೆ ಸುರಕ್ಷಿತವಾಗಿದ್ದ ಪ್ರಾಣಿ. ನನ್ನ ಕೈ ಖಾಲಿಯಾಗಿಯೇ ಹೊರಗೆ ಬಂತು.

"ಬಾಳಾಸಾಬ್ರ," ಎಂದೆ, "ಇವತ್ತಿನ ನನ್ನ ಪಾಳಿ ಸುಮಿತ್ರಾಗ ಬಿಟ್ಟಕೊಡ್ತೇನಿ. ನಂದು ಹಂಗ ಇಡ್ರಿ. ಆಮ್ಯಾಲ ತಗೋತೇನಿ."

ಎಲ್ಲರೂ ಹೋ ಎಂದು ನಕ್ಕು ನನ್ನ ಮನೆಯ ಗೋಡೆಯ ಮೇಲಿನ ನಿಯಮವನ್ನು ನೆನಪಿಸುತ್ತಾರೆಂದು ತಲೆ ತಗ್ಗಿಸಿ ಕೂತೆ. ಯಾರೂ ನಗಲಿಲ್ಲ. ಬಾಳಾಸಾಬರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಆತ್ರಿ, ಅದಕ್ಕೇನ. ಪಾಳಿ ಎಲ್ಲಿ ಹೋಗ್ತೈತಿ?" ಎಂದು ತಂಬಿಗೆಯನ್ನು ಸುಮಿತ್ರಾಳ ಮುಂದಿಟ್ಟರು. ಅವಳಿಗೆ ವೀರನೂ ಇರಲಿಲ್ಲ, ಖಡ್ಗವೂ ಇರಲಿಲ್ಲ. "ನಾ ಕುಡಗೋಲ ತಗೊಂಡ ಇಳೀತೇನ್ರಿ ಅಣ್ಣಾ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ, ನೋಡದೆಯೇ ಒಂದು ಬಿಲ್ಲೆ ತೆಗೆದಳು. ಹದಿನೆಂಟು. ಅಂಬಿಗನನ್ನು ದಂಡೆಗೆ ತಂದು, ಬೈದು, ಮನೆಗೆ ಕಳಿಸಿದಳು.

ಅವತ್ತು ಖಡ್ಗಸೇನನನ್ನು ಸುತ್ತಿ ಮನೆಗೆ ತಂದು ಮತ್ತೆ ಕಪಾಟಿನಲ್ಲಿಟ್ಟೆ. ಮೈಮೇಲೆ ಒಂದು ಗೀರೂ ಇಲ್ಲ, ಮೀಸೆ ಕೂಡ ಒದ್ದೆಯಾಗಿಲ್ಲ. ಬಾಳಾಸಾಬರು ಈಗಲೂ ಕತೆ ಹೇಳುತ್ತಾರೆ, ನಾವೆಲ್ಲ ಹೋಗುತ್ತೇವೆ. ನನ್ನ ಪಾಳಿ ಅವರ ಹತ್ತಿರ ಜಮಾ ಇದೆ. ಸತ್ಯವಂತ ಮನುಷ್ಯ, ಕೇಳಿದ ದಿನ ಎಲ್ಲವನ್ನೂ ಎಣಿಸಿ ಕೊಡುತ್ತಾರೆ. ಕೇಳಬೇಕಾದವನು ನಾನು. ಹೋದ ರವಿವಾರವೂ ಕೇಳಲಿಲ್ಲ.